ಬೆಳಗಿದ ಬಟ್ಟು

ನನಗಾಗ ಮೂವತ್ತೆರಡು ವರ್ಷ. ಇದಾಗಿ ನಲವತ್ತೈದು ವರ್ಷ ಆಯಿತು. ಒಂದೆರಡು ವರ್ಷ ಆಚೆ ಈಚೆ ಇದ್ದರೆ ಇರಲಿ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೂ ಅವರವರಿಗೆ ಬೇಕಾದ ಹಾಗೆ ಹೇಳುತ್ತಾರೆ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ಹುಟ್ಟಿದ್ದು ಬುಕ್ಕಾಂಬುಧಿ, ಕೊಟ್ಟಿದ್ದು ಅಜ್ಜಂಪುರಕ್ಕೆ. ಪೇಟೆ ಬೀದಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಂಗಡಿಯ ತೊಲೆಗೆ ತಕ್ಕಡಿ ನೇತುಹಾಕಿತ್ತು. ಅದರ ಪಕ್ಕ ಹಲಗೆಯ ಮೇಲೆ ತೂಕದ ಬಟ್ಟುಗಳು ಸಾಲಾಗಿ ಕೂತಿರುತ್ತಿದ್ದವು. ಐದು ಕಿಲೋದ್ದು, ಎರಡು ಕಿಲೋದ್ದು ಕಬ್ಬಿಣದವು. ಒಂದು ಕಿಲೋದಿಂದ ಐವತ್ತು ಗ್ರಾಮಿನವರೆಗಿನ ಐದು ಬಟ್ಟು ಹಿತ್ತಾಳೆಯವು, ತಲೆ ಮೇಲೆ ಹಿಡಿಯೋಕೆ ಗುಂಡನೆ ಗುಬ್ಬಿ ಇದ್ದವು. ನಾನು ಹೇಳುವುದು ಆ ಹಿತ್ತಾಳೆಯವುಗಳ ಮಾತು.

ಅವನ್ನು ಬೆಳಗುವುದು ನಮ್ಮ ಮನೆಯಲ್ಲಿ ಹೆಂಗಸರ ಕೆಲಸ. ನಾನು ಬಂದಾಗ ಅತ್ತೆ ಬೆಳಗುತ್ತಿದ್ದರು, ಸೋಮವಾರ ಸೋಮವಾರ. ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ, ತೊಳೆದು, ಒಂದೊಂದಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಹಲಗೆ ಮೇಲೆ ಕೂರಿಸುವರು. ಆಮೇಲೇ ಮೊದಲ ವ್ಯಾಪಾರ.

"ಅಂಗಡಿ ಬಟ್ಟು ಅಂದ್ರೆ ಏನ್ ತಿಳ್ಕಂಡಿದೀಯ? ಕೊರಳಲ್ಲಿರೋ ಲಿಂಗ ಎಷ್ಟೋ ಇವೂ ಅಷ್ಟೇ ಕಣೇ. ಮುಖ ಕಾಣ್ಬೇಕು ಅದರಲ್ಲಿ" ಅನ್ನುವರು.

ಕಬ್ಬಿಣದವಕ್ಕೆ ಈ ಉಪಚಾರ ಇಲ್ಲ. ತೊಳೆದರೆ ತುಕ್ಕು ಹಿಡಿಯುತ್ತೆ ಅಂತ ಬಟ್ಟೆಯಲ್ಲಿ ಒರೆಸಿ ಬಿಡುವರು.

ಸಂತೆಗೆ ಬಂದ ಹಳ್ಳಿ ಜನ ನಮ್ಮ ಬಟ್ಟು ನೋಡಿ ಒಳಗೆ ಬರುತ್ತಿದ್ದರು. "ಈ ಅಂಗಡೀಲಿ ಮುಳ್ಳು ನೋಡೋದೇ ಬ್ಯಾಡ, ಬಟ್ಟು ನೋಡಿದ್ರೆ ಸಾಕು" ಅನ್ನುವರು. ಮುಳ್ಳು ಅಂದರೆ ತಕ್ಕಡಿ ನಡುವಿನ ಕಡ್ಡಿ, ಅದು ನೆಟ್ಟಗೆ ನಿಂತರೆ ತೂಕ ಸರಿ ಅಂತ. ಮಠದ ದಾಸೋಹಕ್ಕೆ ಬರುವ ಅಕ್ಕಿ ಬೇಳೆ ತೂಗಿ ಒಪ್ಪಿಸುವುದು ಮೂರು ತಲೆಯಿಂದ ನಮ್ಮ ಮನೆಯವರದೇ. ನಮ್ಮ ಯಜಮಾನರು ಅದನ್ನು ಹೇಳಿಕೊಳ್ಳದ ದಿನ ಇರಲಿಲ್ಲ. ಊಟ ಬಿಟ್ಟಾರು, ಅದನ್ನು ಬಿಡರು.

ಅತ್ತೆ ತೀರಿಕೊಂಡರು. ತಿಥಿ, ನೆಂಟರು, ಅಡಿಗೆ ಅಂತ ಎರಡು ಮೂರು ಸೋಮವಾರ ಬಟ್ಟಿನ ಕಡೆ ಯಾರೂ ನೋಡಲಿಲ್ಲ. ಹಿತ್ತಾಳೆ ಅಲ್ಲವಾ, ಕಪ್ಪಾಯಿತು. ಕೊಬ್ಬರಿ ತಗೊಳ್ಳೋಕೆ ಬಂದ ಒಬ್ಬಳು ನನ್ನ ಕಿವಿಗೆ ಬೀಳಲಿ ಅಂತಲೇ ಅಂದಳು:

"ಅತ್ತೆ ಹೋದ್ಲು, ಅಂಗಡಿ ಕಳೆನೂ ಹೋಯ್ತು."

ನನಗೆ ಮೈ ಉರಿಯಿತು. ಅತ್ತೆ ವಾರಕ್ಕೊಂದು ಸಲ ಬೆಳಗಿದರೆ ನಾನು ದಿನಾ ಬೆಳಗುತ್ತೇನೆ, ನೋಡೋಣ ಯಾರ ಕಳೆ ಹೆಚ್ಚು ಅಂತ ಶುರು ಮಾಡಿದೆ. ಬರೀ ಹುಣಸೆಹಣ್ಣು ಸಾಲದು ಅಂತ ಇಟ್ಟಿಗೆ ಕುಟ್ಟಿ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟುಕೊಂಡೆ. ದಿನಾ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂತು ಇಟ್ಟಿಗೆ ಪುಡಿ ಹಾಕಿ ಐದೂ ಬಟ್ಟನ್ನು ತಿಕ್ಕುವುದು. ನನ್ನ ಕೈ ಬಲವಾದ ಕೈ. ಚಿನ್ನದ ಹಾಗೆ ಹೊಳೆದವು. ಆ ಕೊಬ್ಬರಿಯವಳು ಮತ್ತೆ ಬಂದಾಗ ಕಣ್ಣು ಕುಕ್ಕಿತು ಅವಳಿಗೆ. ಬಾಯಿ ಬಿಡಲಿಲ್ಲ. ಅಷ್ಟಕ್ಕೇ ನಾನು ಗೆದ್ದೆ ಅಂದುಕೊಂಡೆ.

ತಿಕ್ಕಿದ ನೀರು ಕಪ್ಪಗೆ ಹರಿದು ಹೋಗುತ್ತಿತ್ತು. ಆ ಕಪ್ಪು ಏನು ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕೊಳೆ ಅಂದುಕೊಂಡೆ. ದಿನಾ ತಿಕ್ಕುವ ಬಟ್ಟಿಗೆ ದಿನಾ ಎಲ್ಲಿಂದ ಬಂತು ಅಷ್ಟು ಕೊಳೆ ಅಂತ ಯೋಚಿಸುವ ಬುದ್ಧಿ ಇರಲಿಲ್ಲ.

ತಕ್ಕಡಿ ರಿಪೇರಿಯವರು ಒಬ್ಬರಿದ್ದರು, ತರೀಕೆರೆಯವರು. ಆಚಾರ್ರು ಅಂತಲೇ ಎಲ್ಲರೂ ಕರೆಯುತ್ತಿದ್ದುದು. ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿ ಒಳಗಿನ ಜೇಬಿನಲ್ಲಿ ಇಟ್ಟುಕೊಂಡಿರುವರು. ವರ್ಷಕ್ಕೊಂದು ಸಲ ತೂಕದ ಇನ್‌ಸ್ಪೆಕ್ಟರು ಊರಿಗೆ ಬಂದು ಎಲ್ಲ ಅಂಗಡಿಯವರ ತಕ್ಕಡಿ ನೋಡಿ ಮುದ್ರೆ ಹೊಡೆಯುವರು. ಬಟ್ಟಿಗೆ ಮುದ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ ಮೊದಲು ಆಚಾರ್ರು ಬಂದು ನಮ್ಮ ಜಗಲಿ ಮೇಲೆ ಪೆಟ್ಟಿಗೆ ಬಿಚ್ಚಿ ಕೂರುವರು. ತಕ್ಕಡಿಯ ಸವೆದ ಮೊನೆಗೆ ಅರ ಹಾಕಿ ಉಜ್ಜುವುದು, ಸರಪಣಿ ಸರಿ ಮಾಡುವುದು, ಕಬ್ಬಿಣದ ಬಟ್ಟಿನ ತೂತಿಗೆ ಸೀಸ ಕಾಯಿಸಿ ಹೊಯ್ದು ತೂಕ ಕೂರಿಸುವುದು. ಮಾತು ಕಮ್ಮಿ. ಕಾಫಿ ಕೊಟ್ಟರೆ ಲೋಟ ತಾವೇ ತೊಳೆದಿಡುವರು.

ನಾನು ದಿನಾ ಬೆಳಗೋಕೆ ಶುರು ಮಾಡಿ ಎಂಟು ಒಂಬತ್ತು ತಿಂಗಳಾಗಿತ್ತು. ಆ ವರ್ಷ ತಕ್ಕಡಿಗೆ ಮಾತ್ರ ಮುದ್ರೆ, ಬಟ್ಟಿಗೆ ಮುಂದಿನ ವರ್ಷ. ಆಚಾರ್ರು ತಕ್ಕಡಿ ಬಿಚ್ಚಿ ಕೆಲಸ ಮಾಡುತ್ತಿದ್ದರು. ನೀರು ಕೇಳೋಕೆ ಹಿತ್ತಲ ಕಡೆ ಬಂದವರು ಬಚ್ಚಲ ಹತ್ತಿರ ನಿಂತರು. ನಾನು ತಿಕ್ಕುತ್ತಿದ್ದೆ. ಯಜಮಾನರು ಅಂಗಡಿಯಲ್ಲಿದ್ದರು.

"ತಾಯಿ, ಏನದು ಕೆಂಪಗೆ?"

"ಇಟ್ಟಿಗೆ ಪುಡಿ."

"ಬಟ್ಟಿಗಾ?"

"ಮತ್ತೆ ನನ್ನ ಹಲ್ಲಿಗಾ?"

ಅವರು ನಗಲಿಲ್ಲ. "ಬಿಟ್ಬಿಡಿ ತಾಯಿ. ಬರೀ ಬಟ್ಟೇಲಿ ಒರೆಸಿ ಸಾಕು. ಸವೀತವೆ ಅವು."

"ಹಿತ್ತಾಳೆ ಸವೆಯಾಕೆ ಅದೇನು ಸೋಪಿನ ಬಿಲ್ಲೆನಾ ಆಚಾರ್ರೇ?"

"ಸೋಪು ಬೇಗ ಸವೀತದೆ, ಇದು ತಡ. ಸವೆಯೋದಂತೂ ಎರಡೂ ಸವೀತವೆ."

"ನಮ್ಮತ್ತೆ ಮೂವತ್ತು ವರ್ಷ ಬೆಳಗಿದ್ರು. ಅವಾಗ ಸವೀಲಿಲ್ಲ, ನಾನು ಬೆಳಗಿದ್ರೆ ಸವೀತಾವಾ? ನಿಮ್ಮ ಕೆಲಸ ಜಗಲಿ ಮೇಲೆ. ನನ್ನ ಕೆಲಸ ಈ ಕಲ್ಲಿನ ಮೇಲೆ. ನೀರು ಕುಡಿದು ಹೋಗಿ."

ನೀರು ಕುಡಿದು ಹೋದರು. ಅವರು ಹೇಳಿದ್ದನ್ನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಅಂತ ಹೇಳೋಕೆ ಆಗುವುದಿಲ್ಲ. ಮಾರನೇ ದಿನ ಇನ್ನೂ ಎರಡು ಚಿಟಿಕೆ ಪುಡಿ ಹೆಚ್ಚು ಹಾಕಿ ತಿಕ್ಕಿದೆ, ಹಠಕ್ಕೆ.

ಮತ್ತೆ ಐದು ತಿಂಗಳು ಕಳೆಯಿತು. ಒಂದು ಸಂತೆ ದಿವಸ, ಅಂಗಡಿ ತುಂಬ ಜನ. ತೂಕದ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದುಬಿಟ್ಟರು. ಹೊಸಬರು, ಕಡೂರಿನಲ್ಲಿ ಅವರ ಆಫೀಸು. ಜೊತೆಗೆ ಒಬ್ಬ ಗುಮಾಸ್ತ, ಅವನ ಕೈಯಲ್ಲಿ ಸರ್ಕಾರದ ಬಟ್ಟು ಇರುವ ಮರದ ಪೆಟ್ಟಿಗೆ. ನಾನು ನಡುಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಯಜಮಾನ್ರೇ, ಬಟ್ಟು ಬಲೇ ಹೊಳೀತಾವಲ್ಲ" ಅಂದರು ಇನ್‌ಸ್ಪೆಕ್ಟರು.

"ನಮ್ಮ ತಾಯಿ ಕಾಲದಿಂದ ಹಂಗೇ ಸ್ವಾಮಿ. ಬಟ್ಟು ಅಂದ್ರೆ ನಮಗೆ ದೇವರು."

ಅವರು ಅರ್ಧ ಕಿಲೋದ್ದನ್ನು ಕೈಗೆ ತಗೊಂಡು, ತಿರುಗಿಸಿ, ಬುಡ ನೋಡಿದರು. ಬೆಳಕಿಗೆ ಹಿಡಿದರು. "ದೇವರ ಮೈಮೇಲೆ ಮುದ್ರೆ ಇಲ್ವಲ್ಲ?"

ಮುದ್ರೆ ಇತ್ತು. ಹೋದ ವರ್ಷ ಹೊಡೆದದ್ದು. ಅಕ್ಷರ ಕರಗಿದ ಬೆಲ್ಲದ ಹಾಗೆ ನುಣ್ಣಗಾಗಿ, ಹುಡುಕಿದರೂ ಸಿಗದ ಹಾಗೆ ಆಗಿತ್ತು. ಅಷ್ಟೂ ತಿಂಗಳು ದಿನಾ ಕೈಯಲ್ಲಿ ಹಿಡಿದವಳು ನಾನು, ನನಗೇ ಕಂಡಿರಲಿಲ್ಲ.

ತಕ್ಕಡಿಯ ಒಂದು ತಟ್ಟೆಗೆ ಅವರ ಬಟ್ಟು, ಇನ್ನೊಂದಕ್ಕೆ ನಮ್ಮದು ಇಟ್ಟರು. ಅವರದು ಕೆಳಗೆ ಹೋಯಿತು. ನಮ್ಮ ಕಡೆಗೆ ಚಿಕ್ಕ ಚಿಕ್ಕ ತಗಡಿನ ಚೂರು ಹಾಕುತ್ತಾ ಹೋದರು. ಎರಡು ಗ್ರಾಮು ಹಾಕಿದ ಮೇಲೆ ಮುಳ್ಳು ನೆಟ್ಟಗಾಯಿತು. ಒಂದು ಕಿಲೋದ್ದು, ಇನ್ನೂರರದ್ದು, ನೂರರದ್ದು, ಐವತ್ತರದ್ದು, ಎಲ್ಲಾ ಕಮ್ಮಿ. ಕಬ್ಬಿಣದವು ಎರಡೂ ಸರಿ ಇದ್ದವು.

ಎಮ್ಮೆದೊಡ್ಡಿ ಕಡೆಯ ದನದ ವ್ಯಾಪಾರದವನೊಬ್ಬ ಮೆಣಸಿನಕಾಯಿ ಕಟ್ಟಿಸಿಕೊಳ್ಳೋಕೆ ನಿಂತಿದ್ದ. ಅವನು ಜೋರಾಗಿ ಅಂದ: "ಅಲೆಲೆಲೇ! ನಾವು ಹೊಳಪು ನೋಡಿ ಕಣ್ಮುಚ್ಕಂಡು ತಗಂಡು ಹೋಗ್ತಿದ್ವಲ್ಲಪ್ಪಾ! ಎತ್ತಿನ ಹಲ್ಲು ಎಣಿಸ್ದಂಗೆ ಬಟ್ಟಿನ ಬುಡ ನೋಡಿ ತಗಾಬೇಕಿತ್ತು."

ಜನ ನಕ್ಕರು. ಯಜಮಾನರ ಮುಖ ಸುಣ್ಣ ಆಯಿತು.

"ಬುಡದಲ್ಲಿ ಉಜ್ಜಿದ ಗೆರೆ ಇವೆ. ಅರ ಹಾಕಿದ್ದಾರೆ" ಅಂದರು ಇನ್‌ಸ್ಪೆಕ್ಟರು. "ಯಾರು ಮುಟ್ಟಿದ್ದು ಇವನ್ನ?"

ಯಜಮಾನರು ಹೇಳಿಬಿಟ್ಟರು:

"ನಾವು ಯಾಕೆ ಸ್ವಾಮಿ ಅರ ಹಾಕ್ತೀವಿ? ಐದು ತಿಂಗಳ ಕೆಳಗೆ ತಕ್ಕಡಿ ರಿಪೇರಿಗೆ ತರೀಕೆರೆ ಆಚಾರ್ರು ಬಂದಿದ್ರಲ್ಲ, ಬಟ್ಟೂ ಅವರ ಕೈಗೇ ಕೊಟ್ಟಿದ್ದೆ. ಏನು ಮಾಡಿದ್ರೋ."

ಬಟ್ಟು ಅವರ ಕೈಗೆ ಕೊಟ್ಟಿರಲಿಲ್ಲ. ಬಟ್ಟು ಆ ದಿನ ನನ್ನ ಕೈಯಲ್ಲಿತ್ತು, ಬಚ್ಚಲಲ್ಲಿ.

ಗುಮಾಸ್ತ ಅದನ್ನು ಬರೆದುಕೊಂಡ. ಐದೂ ಬಟ್ಟನ್ನು ಬಟ್ಟೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗು ಹಾಕಿ ಸೀಲು ಮಾಡಿದರು. ಇನ್‌ಸ್ಪೆಕ್ಟರು ಹೊರಡುವಾಗ ಅಂದರು: "ರಿಪೇರಿಯವರಿಗೆ ನೋಟಿಸು ಕಳಿಸ್ತೀನಿ. ಗುರುವಾರ ಕಡೂರಿಗೆ ಬಂದು ಉತ್ತರ ಕೊಡ್ಲಿ. ಸರಿ ಉತ್ತರ ಇಲ್ದಿದ್ರೆ ಲೈಸೆನ್ಸ್ ರದ್ದು. ನಿಮ್ಮದು ಆಮೇಲೆ ನೋಡೋಣ."

ಮಾರನೇ ಬೆಳಿಗ್ಗೆ ಅಭ್ಯಾಸ ಬಲದಿಂದ ಬಚ್ಚಲ ಕಲ್ಲಿನ ಮೇಲೆ ಹೋಗಿ ಕೂತೆ. ಕೈಯಲ್ಲಿ ಬಟ್ಟು ಇಲ್ಲ. ಎದುರಿಗೆ ಹಳೇ ನಾರಿನ ಉಂಡೆ ಬಿದ್ದಿತ್ತು. ಬಿಸಿಲು ಬಿದ್ದು ಅದು ಮಿಣ ಮಿಣ ಅನ್ನುತ್ತಿತ್ತು. ಎತ್ತಿಕೊಂಡು ಒಂದು ಚೊಂಬು ನೀರಿಗೆ ಅದ್ದಿ ಹಿಂಡಿದೆ. ನೀರು ತಿಳಿಯಾಗುವವರೆಗೆ ಬಿಟ್ಟು, ಮೇಲಿನ ನೀರು ಬಸಿದು ನೋಡಿದೆ. ಚೊಂಬಿನ ತಳದಲ್ಲಿ ಇಟ್ಟಿಗೆ ಕೆಂಪಿನ ಜೊತೆ ಹಳದಿ ಪುಡಿ. ಬೆರಳಿಗೆ ಹಚ್ಚಿಕೊಂಡು ನೋಡಿದೆ. ಹಿತ್ತಾಳೆ.

ಆಮೇಲೆ ರೊಟ್ಟಿ ಹಾಕುವಾಗ ಯಜಮಾನರಿಗೆ ಹೇಳಿದೆ.

"ಕೇಳ್ರಿ ಇಲ್ಲಿ. ಬಟ್ಟು ಸವೆಸಿದ್ದು ನಾನು."

"ಹುಚ್ಚು ಹಿಡೀತಾ ನಿಂಗೆ?"

"ಹುಚ್ಚು ಹಿಡಿದಿದ್ದು ಅವಾಗ. ಈಗ ಬಿಟ್ಟಿದೆ. ದಿನಾ ಇಟ್ಟಿಗೆ ಪುಡೀಲಿ ತಿಕ್ಕಿದೀನಿ. ಆಚಾರ್ರು ಬ್ಯಾಡ ಅಂತ ಹೇಳಿದ್ರು. ನಾನೇ ಕೇಳಲಿಲ್ಲ."

ಚೊಂಬು ತೋರಿಸಿದೆ. ಅವರು ನೋಡಿದರು. ನಂಬಿದರು, ಮುಖದಲ್ಲೇ ಗೊತ್ತಾಯಿತು. ಆದರೆ ಅಂದದ್ದೇ ಬೇರೆ.

"ಬಾಯಿ ಮುಚ್ಕಂಡಿರು. ಹೆಂಡ್ತಿ ಬೆಳಗಿ ಸವೀತು ಅಂದ್ರೆ ಯಾವನು ನಂಬ್ತಾನೆ? ಹೆಂಡ್ತಿ ಕೈಲಿ ಉಜ್ಜಿಸಿದ ಅಂತಾರೆ. ಮಠದ ಅಕ್ಕಿ ನಾಳೆನೇ ಇನ್ನೊಬ್ರ ಮನೆಗೆ ಹೋಯ್ತದೆ."

"ಆಚಾರ್ರ ಗತಿ?"

"ಅವನಿಗೇನು, ಕೈ ಕಸುಬು ಐತೆ. ಬಾಗ್ಲು ಕಿಟಕಿ ಮಾಡ್ಕಂಡು ಬದುಕ್ತಾನೆ."

"ಅವರು ಮರಗೆಲಸದ ಆಚಾರಿ ಅಲ್ಲ ಕಣ್ರೀ."

"ಕಲೀತಾನೆ ಬಿಡೇ."

ನಮ್ಮ ಯಜಮಾನರು ಕೆಟ್ಟವರಲ್ಲ. ಹತ್ತು ಪೈಸೆ ಹೆಚ್ಚು ಬಂದರೆ ಮನೆ ಹುಡುಕಿಕೊಂಡು ಹೋಗಿ ಕೊಟ್ಟು ಬರುತ್ತಿದ್ದವರು. ಕಳ್ಳ ಅನ್ನಿಸಿಕೊಳ್ಳುವುದೊಂದು ಅವರ ಕೈಲಿ ಆಗುತ್ತಿರಲಿಲ್ಲ. ಅದಕ್ಕೆ ಇನ್ನೊಬ್ಬರ ತಲೆ ಮೇಲೆ ಹಾಕಿದರು. ನಾನು ಬಾಯಿ ಮುಚ್ಚಿಕೊಂಡೆ. ಅವರು ಹೇಳಿದ್ದಕ್ಕೇ ಮುಚ್ಚಿಕೊಂಡೆ ಅಂದರೆ ಸುಳ್ಳಾಗುತ್ತದೆ. ಅತ್ತೆ ಮೂವತ್ತು ವರ್ಷ ಕಾಪಾಡಿದ್ದನ್ನು ಸೊಸೆ ಒಂದು ವರ್ಷದಲ್ಲಿ ತಿಕ್ಕಿ ಹಾಕಿದಳು ಅಂತ ಆ ಕೊಬ್ಬರಿಯವಳ ಬಾಯಲ್ಲಿ ಕೇಳೋಕೆ ನನಗೆ ಇಷ್ಟ ಇರಲಿಲ್ಲ.

ಬುಧವಾರ ಮಧ್ಯಾಹ್ನ ಆಚಾರ್ರು ಬಂದರು. ತರೀಕೆರೆ ಬಸ್ಸಿಳಿದು ನೇರ ನಮ್ಮ ಅಂಗಡಿಗೇ. ಪೆಟ್ಟಿಗೆ ತಂದಿರಲಿಲ್ಲ. ಯಜಮಾನರು ಕೂತ್ಕಳ್ಳಿ ಅನ್ನಲಿಲ್ಲ. ಅವರು ಜಗಲಿ ಹತ್ತಲಿಲ್ಲ, ಕೆಳಗೇ ನಿಂತರು.

"ಸೌಕಾರ್ರೇ, ಬಟ್ಟು ನನ್ನ ಕೈಗೆ ಕೊಟ್ಟೇ ಇರ್ಲಿಲ್ವಲ್ಲ ನೀವು. ತಕ್ಕಡಿ ಒಂದೇ ಅಲ್ವಾ ನಾನು ಬಿಚ್ಚಿದ್ದು?"

"ಜ್ಞಾಪಕ ಇಲ್ಲ ಕಣ್ರೀ."

"ಜ್ಞಾಪಕ ಮಾಡ್ಕಳ್ಳಿ. ನಾಳೆನೇ ಗುರುವಾರ. ನಂಗೆ ಐವತ್ತೆಂಟು. ಲೈಸೆನ್ಸ್ ಹೋದ್ರೆ ಅರ ಮುಟ್ಟಂಗಿಲ್ಲ ನಾನು. ಮುಟ್ಟಿದ್ರೆ ಕೇಸು. ಬೇರೆ ಕೆಲಸ ನಂಗೆ ಬರಲ್ಲ."

"ಅದನ್ನ ಸಾಹೇಬ್ರ ಹತ್ರ ಹೇಳ್ಕಳ್ಳಿ. ನನ್ನ ಹತ್ರ ಹೇಳಿ ಏನು?"

ಆಚಾರ್ರು ಕತ್ತೆತ್ತಿ ನೋಡಿದರು. ನಡುಬಾಗಿಲಲ್ಲಿ ನಾನು ಕಂಡೆ.

"ತಾಯಿ, ನಿಮಗೆ ಗೊತ್ತಲ್ಲ. ಕಲ್ಲಿನ ಹತ್ರ ನೀವೇ ಕೂತಿದ್ರಿ. ಅವತ್ತು ನಾನೇನಂದೆ, ಹೇಳಿ ಒಂದ್ಮಾತು."

ಯಜಮಾನರು ತಿರುಗಿ ನನ್ನನ್ನು ನೋಡಿದರು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ನೋಡಿದರು.

"ಒಲೆ ಮೇಲೆ ಹಾಲಿಟ್ಟಿದೀನಿ" ಅಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹಾಲು ಇಟ್ಟಿರಲಿಲ್ಲ. ಒಲೆ ಹಚ್ಚೇ ಇರಲಿಲ್ಲ. ಬಾಗಿಲ ಹಿಂದೆ ನಿಂತೆ. ಹೊರಗೆ ಚಪ್ಪಲಿ ಸದ್ದು, ಬಸ್ ಸ್ಟ್ಯಾಂಡಿನ ಕಡೆಗೆ.

ಗುರುವಾರ ಬೆಳಿಗ್ಗೆ ಪಾತ್ರೆ ತೊಳೆಯೋಕೆ ಕೂತವಳು ತೊಳೆಯದೆ ಎದ್ದೆ. ಸತ್ಯ, ಧರ್ಮ ಅಂತ ಏನೂ ಇರಲಿಲ್ಲ ನನ್ನ ತಲೆಯಲ್ಲಿ. ಆ ಹಾಲಿನ ಮಾತು ಚುಚ್ಚುತ್ತಿತ್ತು. ಎದುರಿಗೆ ನಿಂತು ಒಂದು ಮಾತು ಕೇಳಿದ ಮನುಷ್ಯನಿಗೆ ಇಲ್ಲದ ಹಾಲು ತೋರಿಸಿದೆನಲ್ಲ ಅಂತ. ಸೀರೆ ಬದಲಾಯಿಸಿ ಅಂಗಡಿಗೆ ಬಂದೆ.

"ಕಡೂರಿಗೆ ಹೋಗ್ತೀನಿ."

ಯಜಮಾನರಿಗೆ ಅರ್ಥವಾಯಿತು. "ಹೋದ್ರೆ ವಾಪಸ್ ಬರಬ್ಯಾಡ."

"ಬರದೆ? ಮಕ್ಕಳಿಗೆ ಅನ್ನ ಯಾರು ಬೇಯಿಸ್ತಾರೆ, ನೀವಾ?"

ರೈಲು ಗಾಡಿಯಲ್ಲಿ ಹೋದೆ. ಒಬ್ಬಳೇ ಅಷ್ಟು ದೂರ ಹೋಗಿದ್ದು ಅದೇ ಮೊದಲು. ಬೀರೂರಿನಲ್ಲಿ ಇಳಿದುಬಿಡುವುದರಲ್ಲಿದ್ದೆ, ಪಕ್ಕದವಳು "ಇದಲ್ಲ ಕಣಮ್ಮ, ಮುಂದಿನದು" ಅಂದು ಸೆರಗು ಹಿಡಿದು ಕೂರಿಸಿದಳು.

ಆಫೀಸು ಅಂದರೆ ಎರಡು ಕೋಣೆಯ ಬಾಡಿಗೆ ಮನೆ. ಆಚಾರ್ರು ಬೆಂಚಿನ ಮೇಲೆ ಕೂತಿದ್ದರು, ತೊಡೆ ಮೇಲೆ ಆ ಪ್ಲಾಸ್ಟಿಕ್ ಕವರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು.

ಇನ್‌ಸ್ಪೆಕ್ಟರ ಮೇಜಿನ ಮುಂದೆ ನಿಂತು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಯಜಮಾನ್ರು ಹೇಳಿ ಕಳಿಸಿದ್ರಾ?"

"ಹೋಗಬ್ಯಾಡ ಅಂದ್ರು."

"ಬೆಳಗಿದ್ರೆ ಹಿತ್ತಾಳೆ ಸವೆಯುತ್ತೆ, ಸರಿ. ಇಷ್ಟು ಸವೆಯಲ್ಲಮ್ಮ. ನಾನು ಎಷ್ಟು ಅಂಗಡಿ ನೋಡಿಲ್ಲ?"

"ನನ್ನ ಕೈ ನೋಡಿಲ್ವಲ್ಲ. ಒಂದು ಹಳೇ ಬಟ್ಟು ಕೊಡಿ. ನಿಮ್ಮೆದುರೇ ತಿಕ್ತೀನಿ."

ಅವರು ಗುಮಾಸ್ತನ ಮುಖ ನೋಡಿದರು. ಗುಮಾಸ್ತನಿಗೆ ನಗು. ಆದರೂ ಮೂಲೆಯಿಂದ ಮುದ್ರೆ ರದ್ದಾದ ಹಳೇ ಅರ್ಧ ಕಿಲೋ ಬಟ್ಟು ತಂದುಕೊಟ್ಟ. ಇನ್‌ಸ್ಪೆಕ್ಟರು ಅದನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡರು. ಆ ತಕ್ಕಡಿ ಉಸಿರು ಬಿಟ್ಟರೂ ಅಲ್ಲಾಡುತ್ತೆ, ಅದಕ್ಕೇ ಗಾಜು ಅಂತ ಗುಮಾಸ್ತ ಹೇಳಿದ.

ಪಕ್ಕದ ಹೋಟೆಲಿನಿಂದ ಹುಣಸೆಹಣ್ಣು, ತೆಂಗಿನ ನಾರು ತರಿಸಿಕೊಂಡೆ. ಹಿತ್ತಲ ಕಾಂಪೌಂಡಿನಿಂದ ಒಂದು ಇಟ್ಟಿಗೆ ಚೂರು ಕಿತ್ತು ಕುಟ್ಟಿದೆ. ನಲ್ಲಿ ಹತ್ತಿರ ಕೂತೆ. ತಿಕ್ಕುವುದು, ತೊಳೆಯುವುದು, ಒರೆಸುವುದು, ಮತ್ತೆ ಪುಡಿ ಹಾಕಿ ತಿಕ್ಕುವುದು. ಒಂದು ಸಲ ಬೆಳಗಿದ್ದಕ್ಕೆ ಒಂದು ಕಲ್ಲಿನ ಚೂರು ಪಕ್ಕಕ್ಕಿಡುತ್ತಾ ಹೋದೆ. ಮೂವತ್ತು ಚೂರು ಆಗಬೇಕು, ಒಂದು ತಿಂಗಳಿನದು. ಬೆರಳ ತುದಿಯ ಚರ್ಮ ಸುಲಿಯಿತು. ಗುಮಾಸ್ತ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದ.

"ನಮ್ಮನೆಯೋಳು ದೇವರ ಸಾಮಾನನ್ನೂ ಹಿಂಗೆ ಬೆಳಗಲ್ಲ ಕಣಮ್ಮ."

"ಬೆಳಗಬ್ಯಾಡ ಅಂತ ಹೇಳಪ್ಪ ಅವಳಿಗೆ" ಅಂದೆ.

ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಬಟ್ಟನ್ನು ಚೆನ್ನಾಗಿ ಒಣಗಿಸಿ ಇನ್‌ಸ್ಪೆಕ್ಟರೇ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮುಳ್ಳು ಪಕ್ಕಕ್ಕೆ ವಾಲಿತು. ತೆಗೆದು ಮತ್ತೆ ಇಟ್ಟರು. ಮತ್ತೆ ವಾಲಿತು. ಅವರು ಬರೆದಿಟ್ಟ ಚೀಟಿ ನೋಡಿದರು, ನನ್ನ ಬೆರಳು ನೋಡಿದರು.

"ಇದು ಒಂದು ತಿಂಗಳದ್ದು. ನಾನು ತಿಕ್ಕಿದ್ದು ಹದಿಮೂರು ಹದಿನಾಲ್ಕು ತಿಂಗಳು" ಅಂದೆ.

ಅವರು ಕೇಳಿದರು: "ಆಚಾರ್ರ ಕೈಗೆ ಬಟ್ಟು ಕೊಟ್ಟಿದ್ದೆ ಅಂತ ನಿಮ್ಮ ಯಜಮಾನ್ರು ಬರೆಸಿದ್ದಾರೆ. ಅದು?"

ಇದನ್ನು ಕೇಳುತ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ನಾನು ಮಾಡಿದ್ದು ನಾನು ಹೇಳಿ ಹೋಗೋಣ ಅಂತ ಬಂದವಳು. ಬೆಂಚಿನ ಮೇಲೆ ಆಚಾರ್ರು ಈಗ ನನ್ನ ಕಡೆಗೇ ನೋಡುತ್ತಿದ್ದರು. ಗೊತ್ತಿಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅಂದರೆ ನಾನು ಬೆಳಗಿದ್ದೂ ನಿಜ, ಅವರು ಅರ ಹಾಕಿದ್ದೂ ನಿಜ ಅಂತ ಉಳಿದುಬಿಡುತ್ತಿತ್ತು.

"ಅದು ಸುಳ್ಳು" ಅಂದೆ.

ಗುಮಾಸ್ತ ಹೇಳಿಕೆ ಬರೆದ. ಸರಸರ ಓದಿ ಹೆಬ್ಬೆಟ್ಟು ಒತ್ತು ಅಂತ ಇಂಕಿನ ಡಬ್ಬಿ ಮುಂದಿಟ್ಟ. ನಾನು ಕಾಗದ ಕೈಗೆ ತಗೊಂಡು ಅಕ್ಷರ ಕೂಡಿಸಿಕೊಂಡು ಓದಿದೆ. ಅವನಿಗೆ ತಡೆಯಲಾಗಲಿಲ್ಲ.

"ಏನಮ್ಮ, ಪರೀಕ್ಷೆ ಬರೀತಿದೀಯಾ?"

"ಇದೇನಪ್ಪ ಇಷ್ಟುದ್ದ ಪದ? ಉ-ದ್ದೇ-ಶ-ಪೂ..."

"ಉದ್ದೇಶಪೂರ್ವಕವಾಗಿ. ಬೇಕೂಂತ ಅಂತ ಅರ್ಥ."

"ಬೇಕೂಂತ ಸವೆಸಿಲ್ಲ. ಹೊಡೆದು ಹಾಕು."

"ಹಿಂಗೇ ಬರೆಯೋದು ಕಣಮ್ಮ ಇಂಥವನ್ನ."

"ನೀನು ಹಿಂಗೇ ಬರಿ. ನಾನು ಹಿಂಗೆ ಸೈನು ಹಾಕಲ್ಲ."

ಇನ್‌ಸ್ಪೆಕ್ಟರು "ಹೊಡೀರಿ ಅದನ್ನ" ಅಂದರು. ಹೊಡೆದ ಮೇಲೆ ನನ್ನ ಹೆಸರು ನಾನೇ ಬರೆದೆ. ಸುಲಿದ ಬೆರಳಿನ ರಕ್ತ ಕಾಗದದ ಅಂಚಿಗೆ ಹತ್ತಿತು. ಗುಮಾಸ್ತ ಅದನ್ನು ನೋಡಿ ಮುಖ ಸಿಂಡರಿಸಿದ.

ಇನ್‌ಸ್ಪೆಕ್ಟರು ಆಚಾರ್ರನ್ನು ಕರೆದು, ಅವರ ಲೈಸೆನ್ಸ್ ಕವರು ತಗೊಂಡು ನೋಡಿ ವಾಪಸ್ ಕೊಟ್ಟರು. ಹೋಗಿ, ಕೆಲಸ ಮಾಡಿಕೊಳ್ಳಿ ಅಂದರು. ನನಗೆ ಅಂದರು: "ಅಂಗಡಿ ಮೇಲೆ ಕೇಸು ಇದ್ದೇ ಇರುತ್ತೆ. ಬೇಕೂಂತ ಆಗ್ಲಿ, ಬ್ಯಾಡಾಂತ ಆಗ್ಲಿ, ಜನಕ್ಕೆ ಕಮ್ಮಿ ಹೋಗಿದೆ. ಯಜಮಾನ್ರು ಸುಳ್ಳು ಬರೆಸಿದ್ದೂ ಸೇರುತ್ತೆ."

"ಸೇರಿಸಿ" ಅಂದೆ. ಮತ್ತೇನನ್ನಲಿ?

ಹೊರಗೆ ರಸ್ತೆಯಲ್ಲಿ ಆಚಾರ್ರು ಬಸ್ಸಿಗೆ ಕಾಯುತ್ತಿದ್ದರು. ಹತ್ತಿರ ಹೋದೆ.

"ತಪ್ಪಾಯ್ತು ಆಚಾರ್ರೇ."

ಅವರು ಕವರನ್ನು ಒಳಜೇಬಿಗೆ ತುರುಕಿ ಗುಂಡಿ ಹಾಕಿಕೊಂಡರು. ಅವಸರ ಮಾಡಲಿಲ್ಲ.

"ಹಾಲು ಉಕ್ತಾ ತಾಯಿ ನಿನ್ನೆ?"

"ಹಾಲೇ ಇರ್ಲಿಲ್ಲ."

"ಗೊತ್ತು. ನಿಮ್ಮ ಮನೆ ಹೆಂಚಿನ ಮೇಲೆ ಹೊಗೆ ಇರ್ಲಿಲ್ಲ."

ತರೀಕೆರೆ ಬಸ್ಸು ಬಂತು. ಹತ್ತಿ ಹೋದರು. ಆಮೇಲೂ ವರ್ಷಾ ವರ್ಷ ಅಜ್ಜಂಪುರಕ್ಕೆ ಬರುತ್ತಿದ್ದರು, ಬೇರೆಯವರ ಜಗಲಿ ಮೇಲೆ ಕೂರುತ್ತಿದ್ದರು. ನಮ್ಮ ತಕ್ಕಡಿಯನ್ನು ಅಲ್ಲಿಗೇ ಹೊತ್ತುಕೊಂಡು ಹೋಗಿ ಮಾಡಿಸಿಕೊಂಡು ಬರಬೇಕಾಯಿತು. ಕೆಲಸದಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಮಾಡಲಿಲ್ಲ. ನಮ್ಮ ಮನೆ ನೀರು ಮಾತ್ರ ಮತ್ತೆ ಕುಡಿಯಲಿಲ್ಲ.

ಸಂಜೆ ಗಾಡಿಗೆ ವಾಪಸ್ ಬಂದೆ. ದೀಪ ಹಚ್ಚುವ ಹೊತ್ತು. ಯಜಮಾನರು ಅಂಗಡಿ ಬಾಗಿಲ ಹಲಗೆ ಹಾಕಿ ನಡುಮನೆಯಲ್ಲಿ ಕೂತಿದ್ದರು.

"ಏನು ಹೇಳ್ದೆ?"

"ಇದ್ದಿದ್ದು."

"ನಾನು ಸುಳ್ಳು ಹೇಳ್ದೆ ಅಂತಾನೂ?"

"ಅದನ್ನೂ."

ನಾನು ಬೈತಾರೆ, ಹೊಡೆದರೂ ಹೊಡೆದಾರು ಅಂದುಕೊಂಡಿದ್ದೆ. ಅವರು ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ನೆಲದ ಮೇಲಿಟ್ಟು ನನ್ನ ಕಡೆ ನೂಕಿದರು.

"ಹಂಗಾದ್ರೆ ನಾಳೆ ನೀನೇ ಕೂತ್ಕ ಗಲ್ಲಾ ಮುಂದೆ. ಈ ಬೀದೀಲಿ ನನ್ನ ಮುಖ ತೋರ್ಸಕ್ಕಾಗಲ್ಲ."

ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನಾನು ಒಲೆ ಹಚ್ಚಿ ಮಕ್ಕಳಿಗೆ ಅನ್ನ ಮಾಡಿದೆ. ಅವರಿಗೆ ಬಡಿಸಿಟ್ಟೆ, ಮುಟ್ಟಲಿಲ್ಲ. ಮಠದ ಅಕ್ಕಿ ಆ ತಿಂಗಳೇ ಇನ್ನೊಬ್ಬರ ಮನೆಗೆ ಹೋಯಿತು, ಮತ್ತೆ ಬರಲಿಲ್ಲ. ಸಾಯುವವರೆಗೂ ಅದನ್ನು ಅವರು ಮರೆಯಲಿಲ್ಲ. ನಾನು ಮಾಡಿದ್ದು ಸರಿ ಅಂತ ಅವರ ಬಾಯಿಂದ ಬರಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಮೊದಲೇ ಬಾಯಿ ಬಿಟ್ಟಿದ್ದರೆ ಆಚಾರ್ರ ಮುಖವನ್ನಾದರೂ ತಲೆ ಎತ್ತಿ ನೋಡಬಹುದಿತ್ತು.

ಮಾರನೇ ಬೆಳಿಗ್ಗೆ ಅಂಗಡಿ ಬಾಗಿಲ ಹಲಗೆ ನಾನೇ ತೆಗೆದೆ. ಕಸ ಗುಡಿಸಿದೆ. ಗಲ್ಲಾ ಮುಂದೆ ಕೂತೆ. ಹಲಗೆ ಮೇಲೆ ಎರಡು ಕಬ್ಬಿಣದ ಬಟ್ಟು ಬಿಟ್ಟರೆ ಏನಿಲ್ಲ. ಮೊದಲು ಬಂದವಳು ಕಾಲು ಕಿಲೋ ಬೆಲ್ಲ ಕೇಳಿದಳು. ಎರಡು ಕಿಲೋಗಿಂತ ಕಮ್ಮಿ ತೂಗೋಕಾಗಲ್ಲ, ಬಟ್ಟಿಲ್ಲ ಅಂದೆ. "ಅಂದಾಜಲ್ಲೇ ಕೊಡವ್ವ" ಅಂದಳು. ಅಂದಾಜಲ್ಲಿ ಕೊಡಲ್ಲ ಅಂದೆ. "ಹಂಗಾದ್ರೆ ಯಾಕೆ ಬಾಗ್ಲು ತೆಗ್ದಿದೀಯ?" ಅಂತ ಕೇಳಿದಳು. ಎದುರಂಗಡಿಗೆ ಹೋಗು ಅಂದೆ. ಹೋದಳು. ಮಧ್ಯಾಹ್ನದ ಒಳಗೆ ಹನ್ನೊಂದು ಜನರನ್ನು ಎದುರಂಗಡಿಗೆ ಕಳಿಸಿದೆ.